ಶೇಡಿ ಮಣ್ಣನ್ನು ನೆನೆಸಿಯೇ ಪರೀಕ್ಷಿಸಿ

ಭೂವಿಜ್ಞಾನಿಗಳಿಗೆ ಮಣ್ಣಿನ ಲ್ಯಾಬ್ ಪರೀಕ್ಷೆ, ಭೂಕುಸಿತದ ಕಂಪ್ಯೂಟರ್ ಮಾಡೆಲಿಂಗ್ ಎರಡನ್ನೂ ಒಟ್ಟಿಗೆ ಕಲಿಸುವ ಕಾರ್ಯಾಗಾರಗಳ ಬಗ್ಗೆ ಓದಿ ತುಂಬಾ ಖುಷಿಯಾಯ್ತು. ಮಾಡೆಲ್ ಮಾಡುವವರು ಮಣ್ಣು ಮುಟ್ಟಿಯೇ ಇಲ್ಲದಿದ್ದರೆ ಲೆಕ್ಕ ಹಳ್ಳ ಹಿಡಿಯುತ್ತದೆ.

ನಮ್ಮ ಕರಾವಳಿಯ ಶೇಡಿ ಮಣ್ಣನ್ನೇ ನೋಡಿ. ಮೇಲೆ ಗಟ್ಟಿ ಮುರಕಲ್ಲು (ಲ್ಯಾಟರೈಟ್), ಅದರಡಿ ಬಿಳಿ, ಹಳದಿ, ಗುಲಾಬಿ ಬಣ್ಣದ ಈ ಮೆತ್ತನೆಯ ಪದರ. ಒಣಗಿದ್ದಾಗ ಗುಡ್ಡ ಕಡಿದರೂ ಗೋಡೆ ಥರ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲವೇ ಹೋಗುತ್ತದೆ. ಲ್ಯಾಬಿನಲ್ಲಿ ಎರಡು ಭಾಗದ ಪೆಟ್ಟಿಗೆಗೆ ಮಣ್ಣು ತುಂಬಿ, ಮೇಲಿಂದ ಭಾರ ಹೇರಿ, ಒಂದು ಭಾಗವನ್ನು ಪಕ್ಕಕ್ಕೆ ತಳ್ಳುತ್ತಾರೆ. ಎಷ್ಟು ಬಲಕ್ಕೆ ಜಾರಿತು ಅನ್ನೋದೇ ಬೇಕಾದ ಅಂಕಿ. ಒಣ ಮಣ್ಣಿನ ಅಂಕಿ ಕೊಟ್ಟರೆ ಮಾಡೆಲ್ ಸೇಫ್ ಅನ್ನುತ್ತದೆ. ಆಷಾಢದ ಮಳೆಗೆ ಅದೇ ಗುಡ್ಡ ರಸ್ತೆಗೆ ಬರುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1:50,000 ಪ್ರಮಾಣದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ದೊಡ್ಡ ಕೆಲಸವೇ. ಆದರೆ ಅಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಮನೆ ಹಿಂದೆ ಗುಡ್ಡ ಕಡಿದು ಬಿಟ್ಟ ಧರೆ ಅದರಲ್ಲಿ ಕಾಣೋದಿಲ್ಲ. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು, ಎರಡು ಕಡೆಯೂ ಭೂಕುಸಿತ ಆದಾಗ ಗುಡ್ಡ ಕಡಿದಿದ್ದರ ಬಗ್ಗೆಯೇ ಜಾಸ್ತಿ ಚರ್ಚೆ ಆಯ್ತು, ಅಲ್ವಾ? ಕಡಿದ ಎತ್ತರ, ಇಳಿಜಾರು, ನೀರು ಹೋಗುವ ದಾರಿ, ಇದೆಲ್ಲ ಸ್ಥಳದಲ್ಲೇ ಅಳೆದು ಮಾಡೆಲಿಗೆ ಹಾಕೋದನ್ನು ಕಲಿಸಬೇಕು.

ಇನ್ನೊಂದು ಕೋರಿಕೆ. ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರುಗಳನ್ನೂ ಈ ತರಬೇತಿಗೆ ಕರೆಯಿರಿ. ಊರಿನ ರಸ್ತೆಗೆ ಗುಡ್ಡ ಎಷ್ಟು ಕಡಿಯಬೇಕು ಅಂತ ಗುರುತು ಹಾಕೋರು ಅವರೇ.