ಹಳೇ ಸಿಂಗರ್ ಮಷೀನ್‌ನಲ್ಲಿ ರೆಡ್ ಮರ್ಕ್ಯುರಿ ಇಲ್ಲ ಕಣ್ರೀ
ಅಜ್ಜಿ ಕಾಲದ ಸಿಂಗರ್ ಹೊಲಿಗೆ ಮಷೀನ್ ಸೂಜಿ ಹತ್ರ ಮೊಬೈಲ್ ಹಿಡಿದಾಗ ಕಾಲ್ ಕಟ್ ಆದ್ರೆ ಒಳಗೆ ರೆಡ್ ಮರ್ಕ್ಯುರಿ (ಭಾರೀ ಬೆಲೆ ಬಾಳುತ್ತೆ ಅಂತ ಹೇಳೋ ‘ಕೆಂಪು ಪಾದರಸ’) ಇದೆ, ಲಕ್ಷಗಟ್ಲೆ ದುಡ್ಡು ಸಿಗುತ್ತೆ ಅನ್ನೋ ಫಾರ್ವರ್ಡ್ ಶುದ್ಧ ಸುಳ್ಳು. ಇದೇ ಕಥೆ 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಬ್ಬಿ, ಜನ ಹಳೇ ಮಷೀನ್‌ಗಳಿಗೆ ಮುಗಿಬಿದ್ದು, ಒಂದಕ್ಕೆ 2 ಲಕ್ಷ ರಿಯಾಲ್ ತನಕ ರೇಟ್ ಏರಿ, ಕೊನೆಗೆ ಪೊಲೀಸ್ರು ತನಿಖೆಗೆ ಇಳಿಯೋ ಹಾಗಾಯ್ತು. ಅಂಥಾ ವಸ್ತು ಇದೆ ಅಂತ ಇವತ್ತಿಗೂ ಯಾರೂ ತೋರಿಸಿಕೊಟ್ಟಿಲ್ಲ. ಸೂಜಿ ಬರೀ ಸ್ಟೀಲು, ಬಾಡಿ ಬೀಡು ಕಬ್ಬಿಣ, ಒಳಗೆ ಸಿಗೋದು ಗಟ್ಟಿಯಾಗಿರೋ ಹಳೇ ಎಣ್ಣೆ, ದಾರದ ಧೂಳು ಅಷ್ಟೇ. ಅದನ್ನ ಕ್ಲೀನ್ ಮಾಡಿ, ಮಷೀನ್ ಆಯಿಲ್ ಬಿಟ್ಟು (ಕೊಬ್ಬರಿ ಎಣ್ಣೆ ಬೇಡ್ರಪ್ಪ, ಅಂಟಾಗುತ್ತೆ), ಹೊಸ ಬೆಲ್ಟ್ ಹಾಕಿದ್ರೆ ಎಷ್ಟೋ ಮಷೀನ್ ಇನ್ನೂ ಚೆನ್ನಾಗಿ ಹೊಲಿಯುತ್ವೆ, ಸುಮ್ನೆ ಬಿಚ್ಚಿ ಗುಜರಿಗೆ ಹಾಕ್ಬೇಡಿ.