ಹತ್ತಕ್ಕೆ ಐದು, ಯಾಕಂದ್ರೆ ಹುಡುಗ ಅಡ್ಡಡ್ಡ ಕುಯ್ದ

ನಿನ್ನೆ ಭಾನುವಾರ ಹನುಮಂತನಗರದಲ್ಲಿ ಅಕ್ಕನ ಮನೇಲಿ ಹಿತಕಿದ ಬೇಳೆ ಸಾರು ಹೊಡೆದು ಕಣ್ಣು ಎಳೀತಿರೋ ಹೊತ್ತಿಗೆ ಅಕ್ಕನ ಮಗ ಬಂದು ಇಂಟರ್ನಲ್ಸ್ ಬ್ಲೂ ಬುಕ್ (ಕಾಲೇಜು ಟೆಸ್ಟಿನ ಉತ್ತರ ಪತ್ರಿಕೆ) ಕೈಗಿಟ್ಟ. "ಮಾಮ, ಇದ್ರಲ್ಲಿ ತಪ್ಪೆಲ್ಲಿದೆ ಹೇಳು." ಫಸ್ಟ್ ಸೆಮ್, ಮೆಕ್ಯಾನಿಕ್ಸ್. ಅರ್ಧವೃತ್ತದ ಸೆಂಟ್ರಾಯ್ಡ್, ಅಂದ್ರೆ ಬೆರಳ ಮೇಲಿಟ್ರೆ ವಾಲದೆ ನಿಲ್ಲೋ ನಡು ಚುಕ್ಕಿ, ಎಲ್ಲಿದೆ ಅಂತ ಇಂಟಿಗ್ರೇಶನ್ ಮಾಡಿ ತೋರಿಸಿ, 10 ಮಾರ್ಕ್ಸ್. ಹುಡುಗ ಬರೆದಿರೋ ಉತ್ತರ, ನೇರ ಅಂಚಿಂದ ಫೋರ್ ಆರ್ ಬೈ ತ್ರೀ ಪೈ ದೂರ, ಆರ್ ಅಂದ್ರೆ ರೇಡಿಯಸ್. ಸರಿ ಉತ್ತರ. ಕೊಟ್ಟಿರೋದು 5. ಪಕ್ಕದಲ್ಲಿ ಕೆಂಪು ಇಂಕಲ್ಲಿ "ಮೆಥಡ್ ನಾಟ್ ಆಸ್ ಪರ್ ನೋಟ್ಸ್".

ನಿದ್ದೆ ಹಾರೋಯ್ತು.

ನೋಟ್ಸಲ್ಲಿ ಇದ್ದಿದ್ದು ಆರ್ ಡಿಆರ್ ಡಿಥೀಟಾ ಅನ್ನೋ ಚೂರು ಹಿಡ್ಕೊಂಡು ಎರಡೆರಡು ಸಲ ಇಂಟಿಗ್ರೇಟ್ ಮಾಡೋ ದಾರಿ. ಇವನು ಏನ್ಮಾಡಿದಾನೆ ಅಂದ್ರೆ ಡಯಾಮೀಟರ್‌ಗೆ ಸಮಾನಾಂತರವಾಗಿ ಅಡ್ಡಡ್ಡ ತೆಳು ಪಟ್ಟಿ ಕುಯ್ದಿದಾನೆ. ವೈ ಎತ್ತರದಲ್ಲಿರೋ ಪಟ್ಟಿ ಉದ್ದ ಎರಡು ರೂಟ್ ಆಫ್ ಆರ್ ಸ್ಕ್ವೇರ್ ಮೈನಸ್ ವೈ ಸ್ಕ್ವೇರ್, ದಪ್ಪ ಡಿವೈ, ಅದಕ್ಕೆ ವೈ ಗುಣಿಸಿ ಸೊನ್ನೆಯಿಂದ ಆರ್ ತನಕ ಕೂಡಿದ್ರೆ ಎರಡು ಆರ್ ಕ್ಯೂಬ್ ಬೈ ಮೂರು ಬರುತ್ತೆ, ಅದನ್ನ ಅರ್ಧವೃತ್ತದ ಏರಿಯಾ ಪೈ ಆರ್ ಸ್ಕ್ವೇರ್ ಬೈ ಎರಡರಿಂದ ಭಾಗಿಸು, ಮುಗೀತು. ನಾಲ್ಕು ಸಾಲು. ನೋಟ್ಸಿಗಿಂತ ಚೊಕ್ಕ. ಅದಕ್ಕೇ ಐದು ಮಾರ್ಕ್ಸ್ ಕಟ್!

ಅಲ್ಲಾ ಸ್ವಾಮಿ, ಈ ಇಡೀ ಚಾಪ್ಟರ್‌ನಲ್ಲಿ ಇರೋದೇ ಒಂದು ಮಾತು. ಆಕಾರನ ಉದ್ದುದ್ದ ಕುಯ್ಯಿ, ಅಡ್ಡಡ್ಡ ಕುಯ್ಯಿ, ಪಿಜ್ಜಾ ಥರ ಕುಯ್ಯಿ, ನಿನ್ನಿಷ್ಟ. ಆದ್ರೆ ಕುಯ್ದ ಒಂದೊಂದು ಚೂರಿಗೂ ಅದರದ್ದೇ ಆದ ಸೆಂಟರ್ ಎಲ್ಲಿದೆ ಅಂತ ಸರಿಯಾಗಿ ಹೇಳು. ಅಷ್ಟು ಹೇಳಿದ್ರೆ ಉಳಿದಿದ್ದು ಬರೀ ಕೂಡೋದು, ಭಾಗಿಸೋದು. ಆರ್ಕಿಮಿಡೀಸ್ ತಾತ ಎರಡು ಸಾವಿರ ವರ್ಷಕ್ಕೂ ಹಿಂದೆ ತ್ರಿಕೋನಕ್ಕೂ ಪ್ಯಾರಾಬೋಲಾ ತುಂಡಿಗೂ ಸೆಂಟರ್ ಹುಡುಕಿದ್ದ, ಆಗ ಕ್ಯಾಲ್ಕುಲಸ್ಸೇ ಹುಟ್ಟಿರಲಿಲ್ಲ. ಈ ಕಾಲೇಜಲ್ಲಿ ಬ್ಲೂ ಬುಕ್ ಬರೆದಿದ್ರೆ ಆಯಪ್ಪನಿಗೆ ರೌಂಡಾಗಿ ಸೊನ್ನೆ. ಮೆಥಡ್ ನಾಟ್ ಆಸ್ ಪರ್ ನೋಟ್ಸ್.

ನಮ್ಮ ಹುಡುಗ ಏನೋ ಜೀನಿಯಸ್ಸು ಅಂತ ಹೇಳ್ತಿಲ್ಲ ನಾನು. ಸುಮ್ನೆ ಟೆಸ್ಟ್ ಮಾಡೋಣ ಅಂತ ಇನ್ನೊಂದು ಕೊಟ್ಟೆ. ವೈ ಈಕ್ವಲ್ಸ್ ಎಕ್ಸ್ ಸ್ಕ್ವೇರ್, ಸೊನ್ನೆಯಿಂದ 1ರ ತನಕ, ಗೆರೆ ಕೆಳಗಿನ ಜಾಗದ ಸೆಂಟ್ರಾಯ್ಡ್ ಕೊಡು, ಈ ಸಲ ಪಟ್ಟಿ ಉದ್ದುದ್ದ ನಿಲ್ಲಿಸು ಅಂದೆ. ಏರಿಯಾ 1/3, ಎಕ್ಸ್ ಬಾರ್ (ಸೆಂಟ್ರಾಯ್ಡ್ ಅಡ್ಡಕ್ಕೆ ಎಷ್ಟು ದೂರ) 3/4, ಪಟಪಟ ಅಂತ ಬರೆದ. ವೈ ಬಾರ್ (ಎಷ್ಟು ಎತ್ತರ) 3/5 ಅಂದ. ತಪ್ಪು. 3/10 ಬರಬೇಕು, ಸರಿಯಾಗಿ ಡಬಲ್ ಆಗಿದೆ. ನಿಂತಿರೋ ಪಟ್ಟಿಯ ಸೆಂಟರ್ ಇರೋದು ಪಟ್ಟಿ ಮಧ್ಯದಲ್ಲಿ ಕಣಪ್ಪ, ಅಂದ್ರೆ ವೈ ಬೈ ಎರಡರಲ್ಲಿ, ನೀನು ಅದರ ನೆತ್ತಿ ಮೇಲೆ ಚುಕ್ಕಿ ಇಟ್ಟಿದೀಯ. ಮಲಗಿರೋ ಪಟ್ಟಿ ಆದ್ರೆ ಪಟ್ಟಿಗೆ ಪಟ್ಟಿನೇ ಒಂದೇ ಎತ್ತರದಲ್ಲಿರುತ್ತೆ, ಅಲ್ಲಿ ಅರ್ಧದ ಮಾತೇ ಇಲ್ಲ, ಅದಕ್ಕೇ ಪರೀಕ್ಷೇಲಿ ಬಚಾವಾದೆ.

ಹುಡುಗ ತಲೆ ಕೆರ್ಕೊಂಡು, ಉತ್ತರ ತಪ್ಪು ಅಂತ ನಂಗೆ ಹೆಂಗೆ ಗೊತ್ತಾಗಬೇಕು ಮಾಮ, ಚುಕ್ಕಿ ಗೆರೆಯಿಂದ ಹೊರಗೆ ಬಿದ್ರೆ ತಪ್ಪು ಅಂತ ತಿಳ್ಕೊಬಹುದಾ ಅಂತ ಕೇಳಿದ. ಒಳ್ಳೆ ಪ್ರಶ್ನೆನೇ. ಆದ್ರೆ ಹೊರಗೆ ಬಿದ್ದ ಮಾತ್ರಕ್ಕೆ ತಪ್ಪಲ್ಲ, ಕೋಡುಬಳೆ ಸೆಂಟ್ರಾಯ್ಡ್ ಇರೋದು ತೂತಲ್ಲೇ ಅಲ್ವಾ. ಹಿಂಗೆ ನೋಡು ಅಂದೆ. ಎಲ್ಲಕ್ಕಿಂತ ಉದ್ದದ ಪಟ್ಟಿ 1, ಅದರ ಸೆಂಟರ್ 0.5ರಲ್ಲಿ, ಮಿಕ್ಕಿದ್ದೆಲ್ಲ ಅದಕ್ಕಿಂತ ಕೆಳಗೆ. ಅರ್ಧಕ್ಕಿಂತ ಮೇಲೆ ಒಂದೂ ಇಲ್ಲದೆ ಇರುವಾಗ ಸರಾಸರಿ 0.6 ಹೆಂಗೋ ಬರುತ್ತೆ? ಅವನ ಮುಖ ನೋಡಬೇಕಿತ್ತು, ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಂಡ ಹಾಗೆ. ಈ ಎರಡು ನಿಮಿಷದ ಮಾತನ್ನ ಇಡೀ ಸೆಮ್‌ನಲ್ಲಿ ಒಬ್ಬರೂ ಆಡಿಲ್ವಂತೆ. ನೋಟ್ಸ್ ಮಾತ್ರ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿದ್ರಂತೆ.

ಸೋಫಾ ಮೇಲಿಂದ ಭಾವ ಬಾಯಿ ಹಾಕಿದ್ರು. "ಅದೆಲ್ಲ ಈಗ ಕಂಪ್ಯೂಟರ್ ಮಾಡುತ್ತಲ್ಲಯ್ಯ, ನೀನ್ಯಾಕೆ ಹುಡುಗನ ತಲೆ ತಿಂತೀಯ." ಹೌದು ಭಾವ, ಮಾಡುತ್ತೆ. ಆಟೋಕ್ಯಾಡ್‌ನಲ್ಲಿ ರೀಜನ್ ಮಾಡಿ ಮಾಸ್‌ಪ್ರಾಪ್ ಅಂತ ಹೊಡೆದ್ರೆ ಸೆಂಟ್ರಾಯ್ಡ್ ಕಣ್ಮುಂದೆ ಬರುತ್ತೆ, ದಿನಾ ಅನ್ನ ತಿನ್ನೋದೇ ಅದರಲ್ಲಿ ನಾನು. ಆದ್ರೆ ಡ್ರಾಯಿಂಗ್ ತಪ್ಪಿದ್ರೂ ಅದು ಅಷ್ಟೇ ಧೈರ್ಯವಾಗಿ ಸಾಲು ಸಾಲು ಡೆಸಿಮಲ್ ಹಾಕಿ ತಪ್ಪು ಉತ್ತರ ಕೊಡುತ್ತೆ, ಅಯ್ಯೋ 0.6 ಹೆಂಗಪ್ಪ ಅಂತ ಅನುಮಾನ ಪಡೋದು ಮನುಷ್ಯನೇ. ಮೇಷ್ಟ್ರಿಗೂ ರಾಶಿ ಬ್ಲೂ ಬುಕ್ ತಿದ್ದೋ ಕರ್ಮ ಇರುತ್ತೆ, ಒಪ್ತೀನಿ. ಆದ್ರೆ ಸಾರ್, ನಾಲ್ಕು ಸಾಲು ಓದೋಕೆ ಎಷ್ಟು ಹೊತ್ತು ಬೇಕು? ಆ ಕೆಂಪು ಷರಾ ಬರೆಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದಿರುತ್ತೆ.

ನಾನ್ಯಾಕೆ ಇಷ್ಟು ಉರ್ಕೊಳ್ತೀನಿ ಅಂತ ಪೀಣ್ಯದ ಹಳೇ ಫ್ರೆಂಡ್ಸ್‌ಗೆ ಗೊತ್ತು, ಇಲ್ಲಿ ಬಂದು ಕಾಮೆಂಟಲ್ಲಿ ಹೇಳೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ. ಕೆಲಸಕ್ಕೆ ಸೇರಿದ ಹೊಸದು. 20 ಎಂಎಂ ಪ್ಲೇಟು, ಅರ್ಧವೃತ್ತ, ರೇಡಿಯಸ್ 1 ಮೀಟರ್, ತೂಕ 250 ಕೆಜಿ ಹತ್ತಿರ. ಮಟ್ಟಸವಾಗಿ ಮಲಗಿಸಿ ಎತ್ತಬೇಕು, ಮೇಲೆ ಒಂದು ಲಗ್ (ಕ್ರೇನ್ ಕೊಕ್ಕೆ ಸಿಕ್ಕಿಸೋ ತೂತಿನ ಕಿವಿ) ವೆಲ್ಡ್ ಮಾಡಿಸ್ಬೇಕು, ಮಾರ್ಕಿಂಗ್ ನಂದು. ಫೋರ್ ಆರ್ ಬೈ ತ್ರೀ ಪೈ ಪರೀಕ್ಷೆಗೆ ನಿದ್ದೆಗಣ್ಣಲ್ಲೂ ಹೇಳ್ತಿದ್ದೆ, ಆದ್ರೆ ಬಾಯಿಪಾಠ ಮಾಡಿದ್ದು ಹಾಲ್ ಟಿಕೆಟ್ ಜೊತೆನೇ ಹೋಗಿತ್ತು. ಮಧ್ಯ ಅಂದ್ರೆ ಮಧ್ಯ ಅಂತ ನೇರ ಅಂಚಿಂದ 500ಕ್ಕೆ ಚಾಕ್‌ಪೀಸಲ್ಲಿ ಕ್ರಾಸ್ ಹಾಕಿದೆ. ಇರಬೇಕಾಗಿದ್ದು 424ರಲ್ಲಿ. ಬರೀ 76 ಎಂಎಂ! ಕ್ರೇನ್ ಎತ್ತಿದ ತಕ್ಷಣ ನೇರ ಅಂಚಿನ ಕಡೆ ಧಡ್ ಅಂತ ಕೆಳಕ್ಕೆ ವಾಲ್ತು, ಹೆಲ್ಪರ್ ಅಣ್ಣ ಹಿಂದಕ್ಕೆ ಹಾರಿದ್ದಕ್ಕೆ ಕಾಲು ಉಳೀತು. ಆವಯ್ಯ ಒಂದು ಮಾತೂ ಬೈಲಿಲ್ಲ, ಬೀಡಿ ಹಚ್ಚಿಕೊಂಡು ನನ್ನನ್ನೇ ನೋಡ್ತಾ ನಿಂತ. ಬೈದಿದ್ರೇ ಚೆನ್ನಾಗಿರೋದು. ಅರ್ಧವೃತ್ತದ ಕೆಳಗಡೆ ಪಟ್ಟಿಗಳು ಉದ್ದ, ಮೇಲಕ್ಕೆ ಹೋಗ್ತಾ ಗಿಡ್ಡ, ಅದಕ್ಕೇ ಸೆಂಟರ್ ಅರ್ಧಕ್ಕಿಂತ ಕೆಳಗೇ ಇರಬೇಕು ಅಂತ ಯಾರಾದ್ರೂ ಒಂದು ಸಲ ಪಟ್ಟಿ ಕುಯ್ದು ತೋರಿಸಿದ್ರೆ 424 ಮರೆತಿದ್ರೂ 500 ಅಂತ ಯಾವತ್ತೂ ಹಾಕ್ತಿರಲಿಲ್ಲ ನಾನು.

ಇದನ್ನೆಲ್ಲ ಹುಡುಗನಿಗೆ ಹೇಳಿ, ಬಾ ಕೈಯಲ್ಲೇ ನೋಡ್ಬಿಡು ಅಂತ ಟೀಪಾಯ್ ಮೇಲಿದ್ದ ಒಂದು ದಪ್ಪ ರಟ್ಟು ತಗೊಂಡು 10 ಸೆಂಟಿಮೀಟರ್ ರೇಡಿಯಸ್ಸಿಗೆ ಅರ್ಧವೃತ್ತ ಕತ್ತರಿಸಿದ್ವಿ. ಅಂಚಲ್ಲಿ ಗುಂಡುಪಿನ್ ಚುಚ್ಚಿ ನೇತಾಕಿ, ಅದೇ ಪಿನ್ನಿಗೆ ದಾರ ಕಟ್ಟಿ ಬೀರು ಕೀ ಇಳಿಬಿಟ್ಟು, ದಾರದ ಗುಂಟ ಪೆನ್ಸಿಲಲ್ಲಿ ಗೆರೆ. ಇನ್ನೊಂದು ಮೂಲೇಲಿ ಚುಚ್ಚಿ ಇನ್ನೊಂದು ಗೆರೆ. ಎರಡೂ ಸೇರಿದ ಕಡೆ ಸ್ಕೇಲ್ ಇಟ್ರೆ 42 ಮಿಲಿಮೀಟರ್, ಮೇಲೊಂದು ಕೂದಲೆಳೆ. ಅಲ್ಲಿಗೆ ಪೆನ್ಸಿಲ್ ಮೊನೆ ಕೊಟ್ಟು ನಿಲ್ಲಿಸಿದ, ನಿಲ್ತು! ಇಂಟಿಗ್ರೇಶನ್ ಹೇಳಿದ ಜಾಗದಲ್ಲೇ ರಟ್ಟು ಗಪ್‌ಚುಪ್ ಅಂತ ನಿಂತಿದೆ, ಹುಡುಗ ಉಸಿರು ಬಿಗಿ ಹಿಡ್ಕೊಂಡಿದಾನೆ. ಅಷ್ಟರಲ್ಲಿ ಅಕ್ಕ ಕಾಫಿ ತಂದ್ಲು, ನೋಡಿದ್ಲು. "ಲೋ, ಅದು ಲಗ್ನಪತ್ರಿಕೆ ಕಣ್ರೋ! ಇನ್ನೂ ಮದುವೆನೇ ಆಗಿಲ್ಲ ಅವರಿಗೆ!"

ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದಾಳೆ. ಅರ್ಧವೃತ್ತ ನನ್ನ ಬ್ಯಾಗಲ್ಲೇ ಬಂದ್ಬಿಟ್ಟಿದೆ, ಮುಹೂರ್ತದ ಸಾಲು ಇರೋದು ಇದರಲ್ಲೇ, ಆದ್ರೆ ಪೆನ್ಸಿಲ್ ತೂತು ಬಿದ್ದಿರೋದು ಸರಿಯಾಗಿ ಗಂಟೆ ಮೇಲೆ. "ಮೇಷ ಲಗ್ನದಲ್ಲಿ ಬೆಳಿಗ್ಗೆ", ಆಮೇಲೆ ತೂತು, ಆಮೇಲೆ "30ರಿಂದ". ಪಂಚಾಂಗ ಗೊತ್ತಿರೋರು ಯಾರಾದ್ರೂ ಇದ್ರೆ ಮುಂದಿನ ತಿಂಗಳು ಮೇಷ ಲಗ್ನ ಎಷ್ಟೊತ್ತಿಗೆ ಬರುತ್ತೆ ಅಂತ ಬೇಗ ಹೇಳಿ, ಅಕ್ಕ ಮತ್ತೆ ಕಾಲ್ ಮಾಡ್ತಿದಾಳೆ.