ಕಡಲೆಕಾಯಿಗೆ ಕೊಲೆಸ್ಟ್ರಾಲ್ ಇಲ್ಲವಂತೆ, ಅಭಿನಂದನೆಗಳು

ಸೂಪರ್‌ಮಾರ್ಕೆಟ್ಟಿನ ಎಣ್ಣೆ ಸಾಲಿನಲ್ಲಿ ನಿಂತರೆ, ನಾವು ಎಣ್ಣೆ ಕೊಳ್ಳಲು ಬಂದೆವೋ ಹೃದ್ರೋಗ ತಜ್ಞರನ್ನು ಕಾಣಲು ಬಂದೆವೋ ಅನ್ನೋ ಅನುಮಾನ ಬರುತ್ತದೆ. ಒಂದು ಡಬ್ಬಿಯ ಮೇಲೆ ಕೆಂಪು ಹೃದಯ. ಇನ್ನೊಂದರ ಮೇಲೆ ಇಸಿಜಿ ಗೆರೆ. ಮತ್ತೊಂದರ ಮೇಲೆ ಬಿಳಿ ಕೂದಲಿನ ದಂಪತಿ, ಹಲ್ಲು ಬಿಟ್ಟುಕೊಂಡು ಜಾಗಿಂಗ್ ಮಾಡುತ್ತಿದ್ದಾರೆ. ಎಲ್ಲದರ ಮೇಲೂ ಒಂದೇ ಘೋಷಣೆ: ಕೊಲೆಸ್ಟ್ರಾಲ್ ಫ್ರೀ.

ಕಡಲೆಕಾಯಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಸೂರ್ಯಕಾಂತಿಯಲ್ಲಿ ಇಲ್ಲ. ಅಕ್ಕಿ ತೌಡಿನ ಎಣ್ಣೆಯಲ್ಲೂ ಇಲ್ಲ. ಇರುವುದಾದರೂ ಹೇಗೆ? ಕೊಲೆಸ್ಟ್ರಾಲ್ ಪ್ರಾಣಿಗಳ ಮೈಯಲ್ಲಿ ತಯಾರಾಗುವ ವಸ್ತು. ಗಿಡಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟು ಯಾವತ್ತೂ ಇರಲಿಲ್ಲ. ಇದೇ ಧೈರ್ಯದಲ್ಲಿ ತರಕಾರಿಯವರು ‘ಬೋನ್‌ಲೆಸ್ ಬದನೆಕಾಯಿ’ ಅಂತ ಬೋರ್ಡ್ ಹಾಕಿ ಕೇಜಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಬಹುದು. ಪಾಪ, ಅವರಿಗೆ ಮಾರ್ಕೆಟಿಂಗ್ ಮ್ಯಾನೇಜರ್ ಇಲ್ಲ.

ಸರ್ಕಾರ ಸುಮ್ನೆ ಕೂತಿಲ್ಲ ಅನ್ನಬೇಕು. 2011ರ ಲೇಬಲ್ ನಿಯಮಗಳಲ್ಲಿ ಎಣ್ಣೆ ಡಬ್ಬಿಯ ಮೇಲೆ ಏನೇನು ಬರೆಯಬಾರದು ಅನ್ನುವುದಕ್ಕೇ ಒಂದು ಪಟ್ಟಿ ಇತ್ತು. ಓದಿದರೆ ಮನಸ್ಸು ಹಗುರವಾಗುತ್ತದೆ. ‘ಡಬಲ್ ರಿಫೈನ್ಡ್’, ‘ಅಲ್ಟ್ರಾ ರಿಫೈನ್ಡ್’ ಕೂಡದು. ‘ಸೂದಿಂಗ್ ಟು ಹಾರ್ಟ್’ ಕೂಡದು. ‘ಕೊಲೆಸ್ಟ್ರಾಲ್ ಫೈಟರ್’ ಕೂಡದು. ‘ಕೊಲೆಸ್ಟ್ರಾಲ್ ಫ್ರೆಂಡ್ಲಿ’ ಕೂಡ ಕೂಡದು. ಅಂದರೆ ಎಣ್ಣೆಯು ಕೊಲೆಸ್ಟ್ರಾಲ್ ಜೊತೆ ಜಗಳವನ್ನೂ ಮಾಡಬಾರದು, ಸ್ನೇಹವನ್ನೂ ಮಾಡಬಾರದು. ಇಂಥ ಪಟ್ಟಿಯನ್ನು ಯಾರೂ ಕನಸು ಕಂಡು ಬರೆಯುವುದಿಲ್ಲ. ಯಾರೋ ಎಲ್ಲೋ ಅಚ್ಚು ಹಾಕಿಸಿರಲೇಬೇಕು, ಅಲ್ವಾ? ಮಾತುಗಳಿಗೆ ಬೀಗ ಬಿತ್ತು. ಚಿತ್ರದಲ್ಲಿನ ಹೃದಯ ಮಾತ್ರ ಡಬ್ಬಿಯ ಮೇಲೆ ಆರಾಮಾಗಿ ಬಡಿಯುತ್ತಿದೆ.

ಈ ಸರ್ಟಿಫಿಕೇಟಿಗೆ ಅರ್ಹರು ಇನ್ನೂ ಇದ್ದಾರೆ. ಸಕ್ಕರೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಮೈದಾದಲ್ಲಿ ಇಲ್ಲ. ಬೀಡಿಯಲ್ಲೂ ಇಲ್ಲ. ವನಸ್ಪತಿಯಲ್ಲಂತೂ ಇಲ್ಲವೇ ಇಲ್ಲ, ಅದು ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಸಸ್ಯದ ಎಣ್ಣೆ. ಹಾಗೆ ಅರೆಬರೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಅನ್ನು ಏರಿಸುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಒಂದೇ ಏಟಿಗೆ ಎರಡು ಕೆಲಸ. 1930ರ ದಶಕದಿಂದ ಇದು ನಮ್ಮ ಬೇಕರಿ, ಹೋಟೆಲು, ಮದುವೆ ಮನೆಗಳನ್ನು ಆಳಿತು. ಆಗ ಸರ್ಕಾರಕ್ಕಿದ್ದ ದೊಡ್ಡ ಚಿಂತೆ ಏನು ಗೊತ್ತಾ? ಇದನ್ನು ತುಪ್ಪಕ್ಕೆ ಬೆರೆಸಿ ಮೋಸ ಮಾಡುತ್ತಾರೆ ಅನ್ನೋದು. ಅದಕ್ಕೇ ವನಸ್ಪತಿಯಲ್ಲಿ ಕನಿಷ್ಠ ಶೇ 5 ಎಳ್ಳೆಣ್ಣೆ ಇರಲೇಬೇಕು ಎಂದು ಕಾನೂನು ಮಾಡಿದರು. ಪರೀಕ್ಷೆ ಮಾಡಿದರೆ ಎಳ್ಳೆಣ್ಣೆ ಗುಲಾಬಿ ಬಣ್ಣ ತೋರಿಸಿ ಕಳ್ಳನನ್ನು ಹಿಡಿದುಕೊಡುತ್ತದೆ. ತುಪ್ಪದ ಮಾನ ಉಳಿಯಿತು. ತಿಂದವರ ರಕ್ತನಾಳದ ವಿಷಯಕ್ಕೆ ಬರಲು 2011 ಆಗಬೇಕಾಯಿತು. ಟ್ರಾನ್ಸ್ ಕೊಬ್ಬಿಗೆ ಆಗ ಶೇ 10ರ ಮಿತಿ ಹಾಕಿದರು. ಅದು ಇಳಿದು ಇಳಿದು ಶೇ 2ಕ್ಕೆ ಬಂದದ್ದು 2022ರಲ್ಲಿ.

ಹಾಗಾದರೆ ಈ ಕೊಲೆಸ್ಟ್ರಾಲ್ ಭಯ ನಮಗೆ ಬಂದದ್ದು ಎಲ್ಲಿಂದ? ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಊಟ, ಕೊಲೆಸ್ಟ್ರಾಲ್, ಹೃದ್ರೋಗಗಳ ನಂಟು ಹುಡುಕಲು 1958ರಲ್ಲಿ ಏಳು ದೇಶಗಳ ಅಧ್ಯಯನ ಶುರು ಮಾಡಿದರು. ಅಮೆರಿಕ, ಫಿನ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್, ಇಟಲಿ, ಯುಗೊಸ್ಲಾವಿಯ, ಗ್ರೀಸ್, ಜಪಾನ್. ಪೂರ್ವ ಫಿನ್‌ಲ್ಯಾಂಡಿನ ಗಂಡಸರು ಬೆಣ್ಣೆ ಹಾಲು ಹೊಡೆದು ಎದೆ ಹಿಡಿದುಕೊಂಡು ಬೀಳುತ್ತಿದ್ದರು. ಗ್ರೀಸಿನ ಕ್ರೀಟ್ ದ್ವೀಪದವರು ಆಲಿವ್ ಎಣ್ಣೆಯಲ್ಲಿ ಮುಳುಗಿಯೂ ಗಟ್ಟಿಮುಟ್ಟಾಗಿದ್ದರು. 1972ರಿಂದ ಫಿನ್‌ಲ್ಯಾಂಡಿನ ಉತ್ತರ ಕರೇಲಿಯ ಪ್ರಾಂತ್ಯದಲ್ಲಿ ಬೆಣ್ಣೆ ಬಿಡಿಸಿದರು, ಸಿಗರೇಟು ಬಿಡಿಸಿದರು, ಉಪ್ಪು ಕಡಿಮೆ ಮಾಡಿಸಿದರು. ಸಾವು ಧಡಧಡನೆ ಇಳಿಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಅವರ ರೋಗ ಅವರು ಹುಡುಕಿದರು, ಅವರ ಮದ್ದು ಅವರು ಮಾಡಿಕೊಂಡರು.

ಏಳು ದೇಶಗಳಲ್ಲಿ ನಾವಿರಲಿಲ್ಲ. ಭಯ ಮಾತ್ರ ಪಾರ್ಸೆಲ್ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಫಿನ್‌ಲ್ಯಾಂಡಿನ ಬೆಣ್ಣೆ ಮಾಡಿದ ಪಾಪಕ್ಕೆ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಸಾಕ್ಷಿ ಹೇಳಬೇಕಾಯಿತು.

1967ರಲ್ಲಿ ಎಸ್. ಎಲ್. ಮಲ್ಹೋತ್ರಾ ಎಂಬ ರೈಲ್ವೆ ಡಾಕ್ಟರು ನಮ್ಮದೇ ರೈಲ್ವೆ ನೌಕರರ ಲೆಕ್ಕ ತೆಗೆದರು. ತುಪ್ಪ ಹಾಲು ಸುರಿದುಕೊಳ್ಳುವ ಉತ್ತರದವರಿಗಿಂತ, ಕಡಿಮೆ ಕೊಬ್ಬು ತಿನ್ನುವ ದಕ್ಷಿಣದವರಲ್ಲಿ ಹೃದ್ರೋಗದ ಸಾವು ಸುಮಾರು ಏಳು ಪಟ್ಟು ಜಾಸ್ತಿ ಕಂಡಿತು. ಹಳೆಯ ಅಧ್ಯಯನ. ಊಟ ಒಂದು ಬಿಟ್ಟು ಇನ್ನೂ ನೂರು ವ್ಯತ್ಯಾಸ ಆ ಎರಡು ಗುಂಪುಗಳ ನಡುವೆ ಇದ್ದವು. ಆದರೆ ತುಪ್ಪದ ಪಾರ್ಟಿಯವರಿಗೆ ಇದು ವೇದ. ಎಣ್ಣೆ ಪಾರ್ಟಿಯವರಿಗೆ ಇದು ಕಣ್ಣಿಗೇ ಬಿದ್ದಿಲ್ಲ.

ಮುಂದೆ 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಹೊರಬಂತು. ಅದರ ಮುಂದಾಳು ಸಲೀಂ ಯೂಸುಫ್, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದವರು. ಅದರಿಂದ ಗೊತ್ತಾದದ್ದು: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೆ, ಬೇರೆಯವರಿಗೆ 59ರ ಹತ್ತಿರ. ಮದುವೆಗೆ, ಮೀಟಿಂಗಿಗೆ, ರೈಲಿಗೆ ಯಾವುದಕ್ಕೂ ಟೈಮಿಗೆ ಹೋಗದ ನಾವು ಇದೊಂದಕ್ಕೆ ಆರು ವರ್ಷ ಮುಂಚೆ ಹಾಜರ್.

ಅದೇ ಅಧ್ಯಯನದಲ್ಲಿ ಎದ್ದು ಕಂಡ ಎರಡು ಅಪರಾಧಿಗಳು: ರಕ್ತದಲ್ಲಿ ಕೆಟ್ಟ ಕೊಬ್ಬಿನ ಕಣ ಮತ್ತು ಒಳ್ಳೆಯ ಕಣಗಳ ನಡುವಿನ ತಪ್ಪಿದ ಅನುಪಾತ, ಇನ್ನೊಂದು ಧೂಮಪಾನ. ನಮ್ಮವರ ರಕ್ತದ ವರಸೆಯೇ ಬೇರೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮೇಲೆ, ಎಚ್‌ಡಿಎಲ್ ಕೆಳಗೆ, ಎಲ್‌ಡಿಎಲ್ ಕಣಗಳು ಸಣ್ಣವು, ಸಂಖ್ಯೆಯಲ್ಲಿ ಜಾಸ್ತಿ. ಜೊತೆಗೊಂದು ಹೊಟ್ಟೆ. ಐಸಿಎಂಆರ್ ಸಮೀಕ್ಷೆ ಪ್ರಕಾರ ಭಾರತೀಯರ ಶಕ್ತಿಯ ಸುಮಾರು ಶೇ 62 ಬರುವುದು ಅನ್ನ, ಹಿಟ್ಟು, ಸಕ್ಕರೆಯಂಥ ಕಾರ್ಬೋಹೈಡ್ರೇಟಿನಿಂದ. ಖರ್ಚಾಗದೆ ಉಳಿದದ್ದನ್ನು ಲಿವರ್ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅದಕ್ಕೆ ಯಾವ ಡಬ್ಬಿಯೂ ಬೇಕಾಗಿಲ್ಲ.

ಮದುವೆ ಊಟದಲ್ಲಿ ಗಮನಿಸಿ. ತುಪ್ಪದವನು ಬಂದರೆ ಎರಡೂ ಕೈ ಅಡ್ಡ: ‘ಬೇಡಪ್ಪಾ, ಕೊಲೆಸ್ಟ್ರಾಲ್ ಇದೆ.’ ಹೋಳಿಗೆಯವನು ಬಂದರೆ ಬರೀ ಒಂದು ಕಿರುನಗೆ. ಸಾರಿಗೊಮ್ಮೆ ಅನ್ನ, ಹುಳಿಗೊಮ್ಮೆ ಅನ್ನ, ಮಜ್ಜಿಗೆಗೊಮ್ಮೆ ಅನ್ನ. ಮನೆಯಲ್ಲಿ ಮೊಟ್ಟೆಯ ಹಳದಿ ಎತ್ತಿ ಬಿಸಾಡುತ್ತಾರೆ. ತಿನ್ನುವ ಕೊಲೆಸ್ಟ್ರಾಲಿಗೆ ದಿನಕ್ಕೆ 300 ಮಿಲಿಗ್ರಾಂ ಎಂದು ಹಾಕಿದ್ದ ಮಿತಿಯನ್ನು ಅಮೆರಿಕದವರೇ 2015ರಲ್ಲಿ ಕೈಬಿಟ್ಟ ಸುದ್ದಿ ಈ ಹಳದಿಗೆ ಇನ್ನೂ ತಲುಪಿಲ್ಲ.

ಎದುರು ಪಾರ್ಟಿಯವರು, ಅಂದರೆ ತುಪ್ಪ, ಕೊಬ್ಬರಿ ಎಣ್ಣೆಯ ಭಕ್ತರೂ ಕಡಿಮೆ ಇಲ್ಲ. 2018ರಲ್ಲಿ ಹಾರ್ವರ್ಡಿನ ಪ್ರೊಫೆಸರ್ ಒಬ್ಬರು ಭಾಷಣದಲ್ಲಿ ಕೊಬ್ಬರಿ ಎಣ್ಣೆಯನ್ನು ಶುದ್ಧ ವಿಷ ಅಂದರು. ಮಾತು ಅತಿಯಾಯಿತು, ನಿಜ. ಹಾಗಂತ ಅದು ಅಮೃತವೂ ಅಲ್ಲ. ಅದರಲ್ಲಿ ಮುಕ್ಕಾಲಿಗಿಂತ ಎಷ್ಟೋ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬೇ, ಬೆಣ್ಣೆ ತುಪ್ಪದಲ್ಲಿರುವ ಜಾತಿಯದು, ಎಲ್‌ಡಿಎಲ್ ಏರುತ್ತದೆ. ಭಾರತದ ಪರವಾಗಿ ಹಾರ್ವರ್ಡಿಗೆ ಪ್ರತಿಭಟನೆಯ ಪತ್ರ ಹೋಯಿತು. ಬರೆದವರು ಹೃದಯದ ಡಾಕ್ಟರಲ್ಲ, ಕೇಂದ್ರದ ತೋಟಗಾರಿಕಾ ಆಯುಕ್ತರು. ತೆಂಗಿನ ಮರದ ಹಿತ ಅವರ ಖಾತೆ. ತಿಂದವರ ಹಿತ ಬೇರೆ ಖಾತೆ.

ತುಪ್ಪದ್ದು ಇನ್ನೂ ಚೆಂದ. 2024ರ ಆಗಸ್ಟ್ 21ರಂದು ಆಹಾರ ಸುರಕ್ಷತಾ ಪ್ರಾಧಿಕಾರ ‘ಎ2’ ಅಂತೆಲ್ಲ ಬರೆದು ಹಾಲು ತುಪ್ಪ ಮಾರಬೇಡಿ ಅಂದಿತು. ಎ1, ಎ2 ಇರುವುದು ಹಾಲಿನ ಪ್ರೋಟೀನಿನ ಲೆಕ್ಕ. ತುಪ್ಪದಲ್ಲಿ ಪ್ರೋಟೀನೇ ಇಲ್ಲವೆನ್ನಬೇಕು. ಸರಿಯಾದ ಮಾತು. ಆಗಸ್ಟ್ 26ಕ್ಕೆ ಆದೇಶ ವಾಪಸ್. ಐದು ದಿನ ಬಾಳಿತು. ಕೊಬ್ಬರಿ ಚಟ್ನಿ ಫ್ರಿಜ್ಜಿನಲ್ಲಿಟ್ಟರೂ ಅಷ್ಟು ದಿನ ಬರಲ್ಲ, ಆ ಮಟ್ಟಿಗೆ ಮೆಚ್ಚಬೇಕು.

ಇನ್ನು ವಾಟ್ಸಾಪಿನಲ್ಲಿ ಒಬ್ಬ ಅಜ್ಜ ಇದ್ದಾನೆ. ದಿನಾ ತುಪ್ಪ ತಿಂದು 95 ವರ್ಷ ಬದುಕಿದವನು. ಐವತ್ತಕ್ಕೇ ಹೋದ ಅಜ್ಜಂದಿರನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

2021ರ ಜನವರಿಯಲ್ಲಿ, ಹೃದಯಕ್ಕೆ ಒಳ್ಳೆಯದು ಎಂದು ಒಂದು ಎಣ್ಣೆಯ ಜಾಹೀರಾತಿನಲ್ಲಿ ನಗುತ್ತಿದ್ದ ಮಾಜಿ ಕ್ರಿಕೆಟ್ ನಾಯಕರಿಗೇ ಲಘು ಹೃದಯಾಘಾತವಾಯಿತು. ಅವರು ಚೇತರಿಸಿಕೊಂಡರು, ಸಂತೋಷ. ಜಾಹೀರಾತಿಗೂ ಸ್ವಲ್ಪ ದಿನ ವಿಶ್ರಾಂತಿ ಕೊಟ್ಟರು.

ಇಷ್ಟೆಲ್ಲ ಓದಿ ಗಾಬರಿಯಾದವರಿಗೆ ಹೆಲ್ತ್ ಚೆಕಪ್ ಪ್ಯಾಕೇಜ್ ಇದೆ. ರಾತ್ರಿಯಿಡೀ ಉಪವಾಸ, ಬೆಳಗ್ಗೆ ಎದ್ದು ರಕ್ತ ಕೊಡಬೇಕು. ಸಂಜೆ ರಿಪೋರ್ಟ್. ಜನ ಓದುವುದು ಮೊದಲ ಸಾಲು ಮಾತ್ರ: ಟೋಟಲ್ ಕೊಲೆಸ್ಟ್ರಾಲ್ ನಾರ್ಮಲ್. ಒಳ್ಳೆಯದು ಪಾತಾಳಕ್ಕೆ ಇಳಿದರೂ ಟೋಟಲ್ ನಾರ್ಮಲ್ಲಾಗಿ ಕಾಣಬಹುದು. ಅದು ಕೆಳಗಿನ ಸಾಲುಗಳಲ್ಲಿ ಇರುತ್ತದೆ, ದಪ್ಪ ಅಕ್ಷರದಲ್ಲಿ. ರಕ್ತ ಕೊಟ್ಟು ಹೊರಬಂದ ಕೂಡಲೇ ಕೌಂಟರಿನವರು ಕ್ಯಾಂಟೀನ್ ಕೂಪನ್ ಕೈಗಿಡುತ್ತಾರೆ. ಪೂರಿ ಸಾಗು, ಕೇಸರಿಬಾತ್, ಸಕ್ಕರೆ ಹಾಕಿದ ಕಾಫಿ. ಪ್ಯಾಕೇಜಿನಲ್ಲೇ ಸೇರಿದೆ ಸಾರ್, ಬೇರೆ ದುಡ್ಡು ಕೊಡೋದು ಬೇಡ.